ಹಳೇ ಲ್ಯಾಪ್‌ಟಾಪ್‌ಗೆ ಹಗುರವಾದ ಆಪರೇಟಿಂಗ್ ಸಿಸ್ಟಂ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆ, ಅಂಗಡಿ, ತೋಟದ ಆಫೀಸುಗಳಲ್ಲಿ ಮೂಲೆ ಸೇರಿರುವ, ಹೆಚ್ಚುಕಮ್ಮಿ 2006ರಿಂದ 2014ರವರೆಗಿನ ಲ್ಯಾಪ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದ ಉತ್ತರಗಳಿವು. ಲಿನಕ್ಸ್ ಎಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ, ಅದಕ್ಕೆ ಮಿಂಟ್, ಎಂಎಕ್ಸ್, ಆಂಟಿಎಕ್ಸ್ ಥರದ ಹಲವು ರೂಪಗಳಿವೆ. ಅದಕ್ಕಿಂತ ಹೆಚ್ಚಿನ ಪಾಠ ಇಲ್ಲಿಲ್ಲ.

ಲ್ಯಾಪ್‌ಟಾಪ್ ಆನ್ ಆಗೋದಕ್ಕೇ ಹತ್ತು ನಿಮಿಷ ಬೇಕು. ಹಗುರವಾದ ಲಿನಕ್ಸ್ ಹಾಕಿದರೆ ಹೊಸದರ ಥರ ಓಡುತ್ತಾ?

ಅರ್ಧ ಹೌದು, ಅರ್ಧ ಇಲ್ಲ. ಆನ್ ಆಗುವುದು, ಫೋಲ್ಡರ್ ತೆರೆಯುವುದು, ಟೈಪಿಂಗ್, ಲೆಕ್ಕದ ಶೀಟು, ಹಾಡು ಕೇಳುವುದು ಎಲ್ಲವೂ ಚುರುಕಾಗುತ್ತವೆ. ಬ್ರೌಸರ್ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಆಂಟಿಎಕ್ಸ್‌ನಂಥ ವ್ಯವಸ್ಥೆ ಸುಮ್ಮನೆ ಕೂತಾಗ ಸುಮಾರು 200 ಎಂಬಿ ರ‍್ಯಾಮ್ ಹಿಡಿಯುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ (ಪರದೆಯ ಮೆನು, ಕಿಟಕಿಗಳ ವಿನ್ಯಾಸ) ಇರುವ ಮಿಂಟ್ ಅಥವಾ ಎಂಎಕ್ಸ್ ಸುಮಾರು 700ರಿಂದ 900 ಎಂಬಿ ಹಿಡಿಯುತ್ತವೆ. ವಿಂಡೋಸ್ 10ಕ್ಕೆ ಒಂದೂವರೆ ಜಿಬಿಗೂ ಮೇಲೆ ಬೇಕು. ಇಷ್ಟೆಲ್ಲ ಉಳಿಸಿದ ಮೇಲೆ ಯೂಟ್ಯೂಬ್, ಜಿಮೇಲ್, ಬ್ಯಾಂಕಿನ ಪುಟ ಮೂರನ್ನೂ ಒಟ್ಟಿಗೆ ತೆರೆದರೆ, ಯಾವ ಸಿಸ್ಟಂ ಆದರೂ ಬ್ರೌಸರೊಂದೇ 1 ಜಿಬಿ ದಾಟುತ್ತದೆ.

ಆದ್ದರಿಂದ "ಎಲ್ಲಕ್ಕಿಂತ ಹಗುರ ಯಾವುದು" ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ರ‍್ಯಾಮ್ ಎಷ್ಟಿದೆ, ಪ್ರೊಸೆಸರ್ 64 ಬಿಟ್ಟೋ 32 ಬಿಟ್ಟೋ, ಒಳಗಿರುವುದು ತಿರುಗುವ ಹಳೇ ಹಾರ್ಡ್ ಡಿಸ್ಕೋ, ಚಿಪ್‌ಗಳಿಂದಾದ ವೇಗದ ಎಸ್‌ಎಸ್‌ಡಿಯೋ ಎಂದು ಮೊದಲು ತಿಳಿದುಕೊಳ್ಳಿ.

32 ಬಿಟ್, 64 ಬಿಟ್ ಅಂತ ಹೇಗೆ ಗೊತ್ತಾಗುತ್ತದೆ?

ವಿಂಡೋಸ್ 7ರ "ಸಿಸ್ಟಂ ಟೈಪ್" ಸಾಲನ್ನು ನಂಬಬೇಡಿ. ಅದು ಹೇಳುವುದು ಹಾಕಿರುವ ವಿಂಡೋಸ್ ಎಷ್ಟು ಬಿಟ್ ಎಂದು. 2 ಜಿಬಿ ರ‍್ಯಾಮ್ ಇದ್ದ ಕಾಲದಲ್ಲಿ 64 ಬಿಟ್ ಪ್ರೊಸೆಸರ್ ಮೇಲೂ 32 ಬಿಟ್ ವಿಂಡೋಸ್ 7 ಹಾಕಿಕೊಡುವುದು ಮಾಮೂಲಾಗಿತ್ತು. ಬಹಳ ಜನ ಎಡವುವುದು ಇಲ್ಲೇ.

ಅದೇ ಪುಟದಲ್ಲಿರುವ ಪ್ರೊಸೆಸರ್ ಹೆಸರು ನೋಡಿ. ಕೋರ್ 2 ಡ್ಯುಯೊ, ಐ3, ಐ5, ಐ7 ಎಲ್ಲವೂ 64 ಬಿಟ್. ಹೆಸರಿನಲ್ಲಿ 2 ಇಲ್ಲದ ಬರೀ ಕೋರ್ ಡ್ಯುಯೊ, ಪೆಂಟಿಯಂ ಎಂ ಇದ್ದರೆ 32 ಬಿಟ್. ಪುಟ್ಟ ನೆಟ್‌ಬುಕ್‌ಗಳಲ್ಲಿ ಆಟಂ ಎನ್270 ಇದ್ದರೆ 32 ಬಿಟ್, ಎನ್450 ಮತ್ತು ಅದರ ನಂತರದವು 64 ಬಿಟ್. ಅನುಮಾನವಿದ್ದರೆ 32 ಬಿಟ್ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಟರ್ಮಿನಲ್‌ನಲ್ಲಿ "ಎಲ್‌ಎಸ್‌ಸಿಪಿಯು" ಆದೇಶ ಕೊಡಿ. "ಆಪ್-ಮೋಡ್" ಸಾಲಿನಲ್ಲಿ 64 ಇದ್ದರೆ ಸಂಶಯವೇ ಬೇಡ.

ನಮ್ಮ ಮಷೀನಿಗೆ ಯಾವುದು ಹಾಕಲಿ? ನೇರವಾಗಿ ಹೇಳಿ.

64 ಬಿಟ್, 4 ಜಿಬಿ ಅಥವಾ ಹೆಚ್ಚು ರ‍್ಯಾಮ್: ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. ಕನಿಷ್ಠ 2 ಜಿಬಿ ಸಾಕು, ನೆಮ್ಮದಿಗೆ 4 ಜಿಬಿ ಬೇಕು ಎಂದು ಮಿಂಟ್‌ನವರೇ ಹೇಳುತ್ತಾರೆ. 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ವಿಂಡೋಸ್ 7 ಬಳಸಿದವರ ಕೈಗೆ ಬೇಗ ಒಗ್ಗುವುದೂ ಇದೇ. ಮನೆಯ ಹಿರಿಯರಿಗೋ ತೋಟದ ರೈಟರ್‌ಗೋ ಕೊಡುವುದಾದರೆ ಬೇರೆ ಹುಡುಕಬೇಡಿ.

64 ಬಿಟ್, 2 ಜಿಬಿ: ಎಂಎಕ್ಸ್ ಲಿನಕ್ಸ್‌ನ ಫ್ಲಕ್ಸ್‌ಬಾಕ್ಸ್ ಆವೃತ್ತಿ, ಇಲ್ಲವೇ ಆಂಟಿಎಕ್ಸ್. ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇರುವ ಲುಬುಂಟು ಕೂಡ ಓಡುತ್ತದೆ, ಆದರೆ 2 ಜಿಬಿಯಲ್ಲಿ ಅದರ ಮೇಲೆ ಬ್ರೌಸರ್ ತೆರೆದರೆ ಬಿಗಿಯಾಗುತ್ತದೆ.

32 ಬಿಟ್, 1ರಿಂದ 2 ಜಿಬಿ: ಆಂಟಿಎಕ್ಸ್ 23 ಅಥವಾ ಟ್ರಿನಿಟಿ ಡೆಸ್ಕ್‌ಟಾಪ್ ಇರುವ ಕ್ಯೂ4ಓಎಸ್. ಟ್ರಿನಿಟಿ ನೋಡಲು ಎಕ್ಸ್‌ಪಿ ಕಾಲದ ಡೆಸ್ಕ್‌ಟಾಪ್‌ನಂತೆಯೇ ಇದೆ, ಸ್ಟಾರ್ಟ್ ಬಟನ್ ಹುಡುಕಿಕೊಂಡು ಅಲೆಯಬೇಕಿಲ್ಲ.

512 ಎಂಬಿ: ಪಪ್ಪಿ ಅಥವಾ ಆಂಟಿಎಕ್ಸ್. ಟೈಪಿಂಗ್, ಹಾಡು, ಹಳೇ ಫೋಟೊ ನೋಡುವುದಕ್ಕಷ್ಟೇ. ಇದರಲ್ಲಿ ಇಂಟರ್ನೆಟ್ ಬಳಸುತ್ತೇನೆಂದು ಹೊರಡಬೇಡಿ.

32 ಬಿಟ್ ಲ್ಯಾಪ್‌ಟಾಪ್‌ಗೆ ಇನ್ನೆಷ್ಟು ಕಾಲ ಸಪೋರ್ಟ್ ಸಿಗುತ್ತದೆ?

ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಗೂಗಲ್ ಕ್ರೋಮ್ 32 ಬಿಟ್ ಲಿನಕ್ಸನ್ನು ಕೈಬಿಟ್ಟದ್ದು 2016ರಲ್ಲೇ. ಉಬುಂಟು ಕುಟುಂಬ 18.04ರ ನಂತರ ಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ, ಹಲವು ಲಿನಕ್ಸ್‌ಗಳಿಗೆ ಬುನಾದಿಯಾದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ ಮಷೀನಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ (ಸಿಸ್ಟಂನ ತಿರುಳು) ಇಲ್ಲ. ಮೊಜಿಲ್ಲಾ ಕೂಡ ಫೈರ್‌ಫಾಕ್ಸ್ 145ರಿಂದ 32 ಬಿಟ್ ಲಿನಕ್ಸ್‌ಗೆ ಬ್ರೌಸರ್ ಕೊಡುವುದನ್ನು ನಿಲ್ಲಿಸಿದೆ. ಉಳಿದಿರುವ ಗಟ್ಟಿ ನೆಲೆ ಡೆಬಿಯನ್ 12. ಅದರ ದೀರ್ಘಾವಧಿ ಅಪ್‌ಡೇಟ್ 2028ರ ಜೂನ್‌ವರೆಗೆ ಇದೆ, ಆಂಟಿಎಕ್ಸ್ 23 ನಿಂತಿರುವುದು ಅದರ ಮೇಲೆಯೇ.

ಬ್ರೌಸರ್ ಹಳತಾಗುತ್ತಾ ಹೋಗುವ ಮಷೀನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. 32 ಬಿಟ್ ಲ್ಯಾಪ್‌ಟಾಪನ್ನು ಬರೆಯುವುದಕ್ಕೆ, ಲೆಕ್ಕಕ್ಕೆ, ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಹಣದ ಕೆಲಸ ಫೋನಿನಲ್ಲಿರಲಿ.

ವಿಂಡೋಸ್ 7 ಚೆನ್ನಾಗಿಯೇ ಓಡುತ್ತಿದೆ. ಯಾಕೆ ಬದಲಿಸಬೇಕು?

ಇಂಟರ್ನೆಟ್ ಬಳಸದಿದ್ದರೆ ಬದಲಿಸಬೇಕಾಗಿಲ್ಲ. ತೋಟದ ಹಳೇ ಲೆಕ್ಕದ ಸಾಫ್ಟ್‌ವೇರ್ ಅದರಲ್ಲೇ ಇದ್ದರೆ ವೈಫೈ ಆಫ್ ಮಾಡಿ ಹಾಗೇ ಇಟ್ಟುಕೊಳ್ಳಿ. ಇಂಟರ್ನೆಟ್ ಬೇಕಾದರೆ ಮಾತ್ರ ತೊಂದರೆ: ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ 2014ರ ಏಪ್ರಿಲ್‌ಗೆ, ವಿಂಡೋಸ್ 7ಕ್ಕೆ 2020ರ ಜನವರಿಗೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ಗೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನದಾದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಇಲ್ಲಿ ಹೇಳುತ್ತಿರುವ ಯಾವ ಮಷೀನೂ ಅದಕ್ಕೆ ಅರ್ಹವಲ್ಲ.

"ಲೈಟ್", "ಗೇಮರ್ ಎಡಿಷನ್" ಎಂದು ಯಾರೋ ಕತ್ತರಿಸಿ ಹಂಚುವ ವಿಂಡೋಸ್ ಹಾಕಿಸಿಕೊಳ್ಳಬೇಡಿ. ಏನು ತೆಗೆದಿದ್ದಾರೆ ಎನ್ನುವುದು ಹೇಗೋ ಗೊತ್ತಾದೀತು, ಏನು ಸೇರಿಸಿದ್ದಾರೆ ಎನ್ನುವುದು ಗೊತ್ತಾಗುವುದಿಲ್ಲ.

ಸ್ವಲ್ಪ ದುಡ್ಡು ಹಾಕಬಹುದು. ರ‍್ಯಾಮ್ ಮೊದಲೋ ಎಸ್‌ಎಸ್‌ಡಿ ಮೊದಲೋ?

ರ‍್ಯಾಮ್ 2 ಜಿಬಿಗಿಂತ ಕಡಿಮೆ ಇದ್ದರೆ ರ‍್ಯಾಮ್. 2 ಜಿಬಿ ಅಥವಾ ಹೆಚ್ಚಿದ್ದರೆ ಎಸ್‌ಎಸ್‌ಡಿ. ಹದಿನೈದು ವರ್ಷ ತಿರುಗಿದ ಹಾರ್ಡ್ ಡಿಸ್ಕ್ ಹಾಗೇ ಇಟ್ಟು ಸಿಸ್ಟಂ ಒಂದನ್ನೇ ಹಗುರ ಮಾಡಿದರೆ ಬರುವ ಲಾಭ ಕಡಿಮೆ. ಅಂಗಡಿಗೆ ಹೋಗುವ ಮುಂಚೆ ನೋಡಿಕೊಳ್ಳಬೇಕಾದ್ದು ಕೆಲವಿದೆ.

ಎಸ್‌ಎಸ್‌ಡಿ ಕೊಳ್ಳುವಾಗ 2.5 ಇಂಚಿನ ಸಾಟಾ ಎಂದೇ ಕೇಳಿ, 120 ಅಥವಾ 240 ಜಿಬಿ ಸಾಕು. ಹಳೇ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಲಿಮೀಟರ್. ಸಡಿಲವಾಗಿ ಕೂತರೆ ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ. 2006ಕ್ಕಿಂತ ಹಿಂದಿನ ಕೆಲವು ಮಷೀನ್‌ಗಳಲ್ಲಿ ಎರಡು ಸಾಲು ಪಿನ್ ಇರುವ 44 ಪಿನ್‌ನ ಐಡಿಇ ಡಿಸ್ಕ್ ಇರುತ್ತದೆ, ಅದಕ್ಕೆ ಸಾಟಾ ಹೊಂದುವುದಿಲ್ಲ.

ರ‍್ಯಾಮ್ ವಿಷಯ ಇನ್ನೂ ಸೂಕ್ಷ್ಮ. ಡಿಡಿಆರ್2ಕ್ಕೆ 200 ಪಿನ್, ಡಿಡಿಆರ್3ಕ್ಕೆ 204 ಪಿನ್. ಪಟ್ಟಿಯ ಅಂಚಿನ ಕಚ್ಚು ಇರುವ ಜಾಗ ಬೇರೆಯಾದ್ದರಿಂದ ಒಂದರಲ್ಲಿ ಇನ್ನೊಂದು ಕೂರದು, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಒಡೆಯುತ್ತದೆ. ಇಂಟೆಲ್ 945 ಚಿಪ್‌ಸೆಟ್ ಇರುವ ಬೋರ್ಡ್‌ಗೆ 2 ಜಿಬಿಯ ಎರಡು ಪಟ್ಟಿ ಹಾಕಿದರೂ ಕಾಣುವುದು 3 ಜಿಬಿ ಆಸುಪಾಸು. ಆಟಂ ಎನ್270, ಎನ್450 ನೆಟ್‌ಬುಕ್‌ಗಳ ಮಿತಿ 2 ಜಿಬಿ. ಕೋರ್ 2 ಡ್ಯುಯೊ ಜೊತೆ ಡಿಡಿಆರ್3 ಇರುವ ಮಷೀನಿಗೆ 4 ಜಿಬಿ ಪಟ್ಟಿ ತರುವುದಾದರೆ ಒಂದೊಂದು ಬದಿಗೆ 8ರಂತೆ 16 ಚಿಪ್ ಇರುವುದನ್ನೇ ತನ್ನಿ. ಒಟ್ಟು 8 ಚಿಪ್‌ನ ಪಟ್ಟಿ ಹಾಕಿದರೆ ಪರದೆ ಕಪ್ಪಗೇ ಉಳಿಯುತ್ತದೆ, ರ‍್ಯಾಮ್ ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಜಗಳವಾಗುತ್ತದೆ. 4ನೇ ತಲೆಮಾರಿನ ಐ3, ಐ5 ಲ್ಯಾಪ್‌ಟಾಪ್‌ಗಳು 1.35 ವೋಲ್ಟ್‌ನ ಡಿಡಿಆರ್3ಎಲ್ ಕೇಳುತ್ತವೆ. ಈ ಎಲ್ ಮಾದರಿ 1.5 ವೋಲ್ಟ್‌ನಲ್ಲೂ ಕೆಲಸ ಮಾಡುತ್ತದೆ.

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹೊಸ ಡಿಡಿಆರ್2 ಸಿಗುವುದು ಕಷ್ಟ. ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಹಳೇ ಪಟ್ಟಿ ಕೇಳಿ, ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರ ಕೈಲಿ ತರಿಸಿ. ತಂದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಹಿಂತಿರುಗಿಸಿ.

ಪೆನ್‌ಡ್ರೈವ್ ಹೇಗೆ ತಯಾರು ಮಾಡೋದು?

8 ಜಿಬಿಯ ಪೆನ್‌ಡ್ರೈವ್ ಸಾಕು, ಅದರಲ್ಲಿರುವುದೆಲ್ಲ ಅಳಿಯುತ್ತದೆ. ಆರಿಸಿದ ಲಿನಕ್ಸ್‌ನ ತಾಣದಿಂದ ಇಳಿಸಿಕೊಳ್ಳಬೇಕಾದ ಐಎಸ್‌ಒ ಫೈಲ್ ಸುಮಾರು 2ರಿಂದ 3 ಜಿಬಿ. ಮೂಡಿಗೆರೆ, ಸಕಲೇಶಪುರದ ಒಳಗಿನ ಎಸ್ಟೇಟ್‌ಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿ ಇಳಿಸಲು ಕೂರಬೇಡಿ. ಪೇಟೆಗೆ ಹೋದಾಗ ಇಳಿಸಿಕೊಂಡು, ಆ ತಾಣದಲ್ಲೇ ಕೊಟ್ಟಿರುವ, ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಎಸ್‌ಎಚ್‌ಎ256 ಸಂಖ್ಯೆಗೆ ಹೋಲಿಸಿ. ನಡುವೆ ಕಡಿದು ಇಳಿದ ಫೈಲ್ ಮೊದಲು ಬೂಟ್ ಆಗಿ, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕೈಕೊಡುತ್ತದೆ.

ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯಲು ವಿಂಡೋಸ್‌ನಲ್ಲಿ ರೂಫಸ್ ಬಳಸಿ. ಅದರ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ತೆರೆಯುವುದಿಲ್ಲ, ಅಲ್ಲಿ 3.22 ಬೇಕು. ಪಾರ್ಟಿಷನ್ ಸ್ಕೀಮ್ ಎಂಬಿಆರ್ ಆರಿಸಿ. ಬರೆಯುವಾಗ ಐಎಸ್‌ಒ ಮೋಡ್, ಡಿಡಿ ಮೋಡ್ ಎಂದು ಕೇಳಿದರೆ ಮೊದಲು ಐಎಸ್‌ಒ, ಬೂಟ್ ಆಗದಿದ್ದರೆ ಇನ್ನೊಮ್ಮೆ ಡಿಡಿ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಒಂದು ಗಂಟೆ ಓಡಿಸಿ. ವೈಫೈ, ಸೌಂಡ್, ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವುದು, ಟಚ್‌ಪ್ಯಾಡ್, ಮುಚ್ಚಳ ಹಾಕಿ ತೆಗೆದರೆ ಏಳುತ್ತದೆಯೇ ಎಂಬುದು, ಇವಿಷ್ಟನ್ನು ನೋಡಿ. ಆಂಟಿಎಕ್ಸ್, ಎಂಎಕ್ಸ್ ಲೈವ್‌ನಲ್ಲಿ ಪಾಸ್‌ವರ್ಡ್ ಕೇಳಿದರೆ ಬಳಕೆದಾರನದು "ಡೆಮೊ", ಅಡ್ಮಿನ್‌ದು "ರೂಟ್", ಎರಡೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ.

ಪೆನ್‌ಡ್ರೈವ್ ಹಾಕಿದರೂ ವಿಂಡೋಸೇ ಬರುತ್ತದೆ.

ಪವರ್ ಒತ್ತಿದ ತಕ್ಷಣ ಬೂಟ್ ಮೆನುವಿನ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ಡೆಲ್, ತೋಷಿಬಾ, ಥಿಂಕ್‌ಪ್ಯಾಡ್‌ಗಳಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಇದ್ದರೂ ಹಲವು ಮಷೀನ್‌ಗಳಲ್ಲಿ ಅದು ಆಫ್ ಆಗಿರುತ್ತದೆ. ಎಫ್2 ಒತ್ತಿ ಬಯಾಸ್‌ಗೆ (ಮಷೀನಿನ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗಿ "ಎಫ್12 ಬೂಟ್ ಮೆನು" ಆನ್ ಮಾಡಿ. 2012ರ ನಂತರದ ಮಷೀನಾದರೆ ಅಲ್ಲೇ ಸೆಕ್ಯೂರ್ ಬೂಟ್ ಆಫ್ ಮಾಡಿ.

ಬೂಟ್ ಆಗಿ ಪರದೆ ಕಪ್ಪಾದರೆ ಗ್ರಾಫಿಕ್ಸ್ ತಕರಾರು. ಮೊದಲ ಮೆನುವಿನಲ್ಲಿ ಫೇಲ್‌ಸೇಫ್ ಅಥವಾ ಸೇಫ್ ವಿಡಿಯೊ ಆರಿಸಿ. ಆಟಂ ಎನ್2600, ಎನ್2800 ನೆಟ್‌ಬುಕ್‌ಗಳೊಳಗಿನ ಗ್ರಾಫಿಕ್ಸ್ ಪವರ್‌ವಿಆರ್ ಮೂಲದ್ದು, ಲಿನಕ್ಸ್‌ನಲ್ಲಿ ಅದಕ್ಕೆ ಸರಿಯಾದ ಡ್ರೈವರ್ ಎಂದೂ ಬರಲಿಲ್ಲ. ಅದರಲ್ಲಿ ಟೈಪಿಂಗ್ ಆಗುತ್ತದೆ, ವಿಡಿಯೊ ಆಗುವುದಿಲ್ಲ.

2014ರ ಸುಮಾರಿಗೆ ಬಂದ, ಡಿಸ್ಕ್ ಬದಲು ಬೋರ್ಡ್‌ನಲ್ಲೇ ಕೂತ 32 ಜಿಬಿ ಇಎಂಎಂಸಿ ಇರುವ ಕೆಲವು ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ರಗಳೆ: ಪ್ರೊಸೆಸರ್ 64 ಬಿಟ್, ಬಯಾಸ್ ಜಾಗದಲ್ಲಿರುವ ಯುಇಎಫ್‌ಐ 32 ಬಿಟ್. ಪೆನ್‌ಡ್ರೈವ್‌ನ ಇಎಫ್‌ಐ ಫೋಲ್ಡರಿನಲ್ಲಿ "ಬೂಟ್‌ಐಎ32" ಹೆಸರಿನ ಫೈಲ್ ಇರುವ ಸಿಸ್ಟಂ ಮಾತ್ರ ಅದರಲ್ಲಿ ಏಳುತ್ತದೆ.

ವೈಫೈ ಕಾಣುತ್ತಿಲ್ಲ.

ಲ್ಯಾಪ್‌ಟಾಪ್‌ನ ಅಂಚಿನಲ್ಲಿ ವೈಫೈ ಸ್ವಿಚ್ ಇದೆಯೇ ನೋಡಿ. ನಂತರವೂ ಇಲ್ಲದಿದ್ದರೆ ಬಹುಪಾಲು ಅದು ಬ್ರಾಡ್‌ಕಾಮ್ ಕಾರ್ಡ್, ಫರ್ಮ್‌ವೇರ್ (ಕಾರ್ಡನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್) ಬೇರೆಯಾಗಿ ಹಾಕಬೇಕು. ಫರ್ಮ್‌ವೇರ್ ಇಳಿಸಲು ಇಂಟರ್ನೆಟ್ ಬೇಕಲ್ಲ ಎನ್ನುವವರು ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿದು ಸೇರಿಕೊಳ್ಳುತ್ತದೆ. ಮಿಂಟ್‌ನಲ್ಲಿ ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಕೆಲಸ ಮುಗಿಯುತ್ತದೆ.

ಕನ್ನಡ ಟೈಪಿಂಗ್ ಆಗುತ್ತಾ? ನುಡಿಯಲ್ಲಿ ಮಾಡಿದ ಹಳೇ ಫೈಲ್‌ಗಳ ಗತಿ ಏನು?

ಯೂನಿಕೋಡ್ ಟೈಪಿಂಗ್‌ಗೆ ಯಾವ ಸಾಫ್ಟ್‌ವೇರೂ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಇಂಡಿಯನ್ ಅಡಿ "ಕನ್ನಡ, ಕಗಪ ಫೊನೆಟಿಕ್" ಎಂಬುದಿದೆ. ಅದನ್ನು ಸೇರಿಸಿ, ಇಂಗ್ಲಿಷ್‌ಗೂ ಅದಕ್ಕೂ ಬದಲಿಸಲು ಒಂದು ಕೀ ಗೊತ್ತುಮಾಡಿ. ನುಡಿ ಬಳಸಿ ರೂಢಿಯಿದ್ದವರಿಗೆ ಒತ್ತಕ್ಷರಕ್ಕೆ ಎಫ್ ಒತ್ತುವ ಪದ್ಧತಿ ಇಲ್ಲೂ ಹಾಗೇ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದು ಹೇಳುವವರಿದ್ದಾರೆ. ಕಡಿಮೆ ರ‍್ಯಾಮ್ ಮಷೀನಿಗೆ ಅದು ಅನವಶ್ಯಕ ಹೊರೆ. ಅಕ್ಷರದ ಬದಲು ಚೌಕ ಕಂಡರೆ ಸಾಫ್ಟ್‌ವೇರ್ ಹಾಕುವ ಸಿನಾಪ್ಟಿಕ್‌ನಲ್ಲಿ ಲೋಹಿತ್ ಕನ್ನಡ, ನೋಟೊ ಸಾನ್ಸ್ ಕನ್ನಡ ಅಥವಾ ಗುಬ್ಬಿ ಫಾಂಟ್ ಹುಡುಕಿ ಹಾಕಿ.

ಹಳೇ ಫೈಲ್‌ಗಳ ವಿಷಯ ಫಾರ್ಮ್ಯಾಟ್ ಮಾಡುವ ಮುಂಚೆಯೇ ನೋಡಬೇಕು. ನುಡಿಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ದಾಖಲೆಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಕನ್ನಡದ ಆಕಾರ ಕೊಡುವುದು ಫಾಂಟ್. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದ್ದರಿಂದ ದಾಖಲೆಗಳ ಜೊತೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ ಎಲ್ಲ ಫೈಲ್‌ಗಳನ್ನೂ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ನಿಮ್ಮ ಹೋಂ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ "ಫಾಂಟ್ಸ್" ಎಂಬ ಫೋಲ್ಡರ್ ಮಾಡಿ ಅದರಲ್ಲಿಟ್ಟರೆ ಲಿಬ್ರೆಆಫೀಸ್‌ನಲ್ಲಿ ಹಳೇ ದಾಖಲೆ ಕಾಣುತ್ತದೆ. ಸಂಘದ ನಡಾವಳಿ, ಕರಾರು ಪತ್ರದಂಥ ಮುಖ್ಯವಾದವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪಿಡಿಎಫ್ ಕೂಡ ಮಾಡಿಡಿ.

ಪ್ರಿಂಟರ್, ಟ್ಯಾಲಿ, ಬೆರಳಚ್ಚು ಯಂತ್ರ?

ಟ್ಯಾಲಿ ವಿಂಡೋಸ್‌ನದು, ಆ ಕೆಲಸವಿದ್ದರೆ ಲಿನಕ್ಸ್ ಹಾಕಬೇಡಿ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವ ಸೇವಾ ಕೇಂದ್ರದವರು ತಮ್ಮ ಯಂತ್ರಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಲಿ. ಪಹಣಿ ನೋಡುವುದಕ್ಕೆ, ಅರ್ಜಿ ತುಂಬುವುದಕ್ಕೆ ಬ್ರೌಸರ್ ಸಾಕು.

ಪ್ರಿಂಟರ್‌ಗಳಲ್ಲಿ ತಲೆನೋವು ಎರಡು, ದುರದೃಷ್ಟಕ್ಕೆ ನಮ್ಮ ಕಡೆ ಎಲ್ಲೆಲ್ಲೂ ಇರುವುದೂ ಅವೇ. ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಭಾಷೆ ಮಾತಾಡುತ್ತದೆ. ಲಿನಕ್ಸ್ ಡ್ರೈವರ್ ಇದ್ದರೂ ಹೊಂದಿಸುವುದು ಹೊಸಬರ ಕೈಲಾಗುವ ಕೆಲಸವಲ್ಲ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ ಹೋಗಬೇಕು. ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್ ಜೊತೆಗೆ ಅದರ ಪ್ಲಗಿನ್ನನ್ನೂ ಹಾಕಿದರೆ ಓಡುತ್ತದೆ. ಎಚ್‌ಪಿಲಿಪ್ ಅಪ್‌ಡೇಟ್ ಆದಾಗ ಪ್ಲಗಿನ್ ಹಳೆಯದೇ ಉಳಿದರೆ ಪ್ರಿಂಟ್ ನಿಲ್ಲುತ್ತದೆ, ಆಗ ಪ್ಲಗಿನ್ ಮತ್ತೆ ಹಾಕಿ.

ಯೂಟ್ಯೂಬ್ ತಡವರಿಸುತ್ತದೆ.

ಯೂಟ್ಯೂಬ್ ಕಳಿಸುವ ವಿಪಿ9, ಎವಿ1 ವಿಡಿಯೊ ಬಿಡಿಸುವ ಸರ್ಕ್ಯೂಟ್ ಹಳೇ ಗ್ರಾಫಿಕ್ಸ್‌ನಲ್ಲಿಲ್ಲ. ಎಲ್ಲ ಭಾರವೂ ಪ್ರೊಸೆಸರ್ ಮೇಲೆ ಬೀಳುತ್ತದೆ. ಬ್ರೌಸರ್‌ಗೆ "ಎಚ್264ಇಫೈ" ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಗುರವಾದ ಎಚ್.264 ಕಳಿಸುತ್ತದೆ. 480ಪಿಗೆ ನಿಲ್ಲಿಸಿ. ಕೋರ್ 2 ಡ್ಯುಯೊದಲ್ಲಿ ಇಷ್ಟು ಸಾಕಾಗುತ್ತದೆ, ಆಟಂನಲ್ಲಿ 360ಪಿಗೆ ಇಳಿಯಿರಿ.

ಬ್ಯಾಟರಿ ಸತ್ತಿದೆ, ಕರೆಂಟ್ ಹೋದ ಕೂಡಲೇ ಆಫ್ ಆಗುತ್ತದೆ. ಲಿನಕ್ಸ್ ಹಾಳಾಗುತ್ತಾ?

ಇನ್‌ಸ್ಟಾಲ್ ಮಾಡುವಾಗ ಡಿಸ್ಕ್‌ಗೆ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ಆರಿಸಿದ್ದರೆ ಸಿಸ್ಟಂ ಬಹುತೇಕ ಉಳಿಯುತ್ತದೆ. ಅದು ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುವುದರಿಂದ ಮುಂದಿನ ಸಲ ಆನ್ ಆದಾಗ ತಾನೇ ಸರಿಮಾಡಿಕೊಳ್ಳುತ್ತದೆ. ಹೋಗುವುದು ನೀವು ಸೇವ್ ಮಾಡದ ಕೆಲಸ. ಲಿಬ್ರೆಆಫೀಸ್‌ನ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್ ಒಳಗೆ ಆಟೊರಿಕವರಿಯನ್ನು 2 ನಿಮಿಷಕ್ಕೆ ಇಳಿಸಿ. ಅಪ್‌ಡೇಟ್ ಹಾಕುವಾಗ ಮಾತ್ರ ಕರೆಂಟ್ ಹೋಗಬಾರದು, ಕರ್ನಲ್ ಅರ್ಧ ಬರೆದು ನಿಂತರೆ ಬೂಟ್ ಆಗುವುದಿಲ್ಲ. ಮಳೆಗಾಲದಲ್ಲಿ ಚೆಸ್ಕಾಂ, ಮೆಸ್ಕಾಂ ಇಬ್ಬರ ಲೈನೂ ಮರ ಬಿದ್ದು ಹೋಗುವುದು ಮಾಮೂಲು. ಇನ್ವರ್ಟರ್ ಲೈನಿನಲ್ಲಿ ಕೂತು ಅಪ್‌ಡೇಟ್ ಮಾಡಿ. ಗುಡುಗು ಶುರುವಾದರೆ ಅಡಾಪ್ಟರನ್ನು ಗೋಡೆಯಿಂದ ಕೀಳಿ.

ಬ್ಯಾಟರಿ ಉಬ್ಬಿದ್ದರೆ ತೆಗೆದುಬಿಡಿ, ಬರೀ ಅಡಾಪ್ಟರಿನಲ್ಲಿ ಲ್ಯಾಪ್‌ಟಾಪ್ ಓಡುತ್ತದೆ. ಪ್ರತಿ ಸಲವೂ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಒಳಗಿನ ಪುಟ್ಟ ಬ್ಯಾಟರಿ ಮುಗಿದಿದೆ, ಹೆಚ್ಚಿನವುಗಳಲ್ಲಿ ಅದು ಸಿಆರ್2032. ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲ ತಾಣಕ್ಕೂ "ಸುರಕ್ಷಿತವಲ್ಲ" ಎನ್ನುತ್ತದೆ. ಎಷ್ಟೋ ಜನ ಇದನ್ನು ವೈರಸ್ ಎಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿಸುತ್ತಾರೆ.

ಹೊಸ ಸಿಸ್ಟಂ ಹಾಕಿದ ಮೇಲೂ ಅರ್ಧ ಗಂಟೆಗೆ ನಿಧಾನವಾಗುತ್ತದೆ.

ಬಿಸಿ. ಪ್ರೊಸೆಸರ್ 90 ಡಿಗ್ರಿ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಫ್ಯಾನ್ ಮತ್ತು ಗಾಳಿ ಹೊರಬರುವ ತಗಡಿನ ನಡುವೆ ಧೂಳು ಕಂಬಳಿಯಂತೆ ಕೂತಿರುತ್ತದೆ, ಹೊರಗಿಂದ ಊದಿದರೆ ಹೋಗದು. ಬಿಚ್ಚಿ ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಆಲೂರು, ಕೊಪ್ಪ, ಶೃಂಗೇರಿ ಕಡೆಯ ಥಂಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್‌ಗೆ ಬೂಷ್ಟು ಹಿಡಿಯುತ್ತದೆ, ರ‍್ಯಾಮ್‌ನ ಪಿನ್ ಮಬ್ಬಾಗುತ್ತದೆ. ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೇ ತೇವ ಆರುತ್ತದೆ.

ಬಿಸಿಯಿಲ್ಲದೆಯೂ ನಿಲ್ಲುತ್ತಾ ನಿಲ್ಲುತ್ತಾ ಓಡಿದರೆ ಡಿಸ್ಕ್ ಪರೀಕ್ಷಿಸಿ. ಡಿಸ್ಕ್‌ನ ಆರೋಗ್ಯ ತೋರಿಸುವ ಜಿಸ್ಮಾರ್ಟ್‌ಕಂಟ್ರೋಲ್ ತೆರೆದು ಐಡಿ 5 ಮತ್ತು ಐಡಿ 197 ಇರುವ ಸಾಲು ನೋಡಿ, ಸೊನ್ನೆಗಿಂತ ಹೆಚ್ಚಿದ್ದು ಬೆಳೆಯುತ್ತಲೂ ಇದ್ದರೆ ಡಿಸ್ಕ್ ಹೋಗುವ ಹಾದಿಯಲ್ಲಿದೆ.

ಹಾರ್ಡ್ ಡಿಸ್ಕ್ ಪೂರ್ತಿ ಸತ್ತಿದ್ದರೆ?

ಪಪ್ಪಿ ಹಾಕಿ. ಅದು ಪೆನ್‌ಡ್ರೈವ್‌ನಿಂದ ರ‍್ಯಾಮ್‌ಗೆ ಪೂರ್ತಿ ಏರಿ ಅಲ್ಲಿಂದಲೇ ಓಡುತ್ತದೆ, ನಿಮ್ಮ ಕೆಲಸವನ್ನು ಪೆನ್‌ಡ್ರೈವ್‌ನ ಒಂದು ಸೇವ್ ಫೈಲ್‌ನಲ್ಲಿಡುತ್ತದೆ. ಮೊದಲ ಸಲ ಆಫ್ ಮಾಡುವಾಗ ಸೇವ್ ಮಾಡಲೇ ಎಂದು ಕೇಳಿದಾಗ ಹೌದು ಎನ್ನಿ.

ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಹೇಗೆ?

64 ಬಿಟ್, 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಬೇಕು, 2010ಕ್ಕಿಂತ ಹಿಂದಿನ ಬಿಡಿಭಾಗಗಳಿದ್ದರೆ ಚೆನ್ನಾಗಿ ಓಡದೆಂದು ಗೂಗಲ್ಲೇ ಹೇಳುತ್ತದೆ. ಸದಾ ಒಳ್ಳೆಯ ಇಂಟರ್ನೆಟ್ ಇರುವ ಪೇಟೆಯ ಮನೆಗೆ ಸರಿ. ತೋಟದ ಮನೆಗೆ ಬೇಡ.

2 ಜಿಬಿಯಲ್ಲೇ ಇನ್ನಷ್ಟು ಹಿಂಡಬಹುದಾ?

ಜೆಡ್‌ರ‍್ಯಾಮ್ ಆನ್ ಮಾಡಿ. ತುಂಬಿದ ರ‍್ಯಾಮ್‌ನ ಭಾಗವನ್ನು ಡಿಸ್ಕ್‌ಗೆ ತಳ್ಳುವ ಬದಲು ರ‍್ಯಾಮ್‌ನಲ್ಲೇ ಒತ್ತಿ ಕಿರಿದು ಮಾಡಿ ಇಡುತ್ತದೆ. ಜೊತೆಗೆ ಡಿಸ್ಕ್‌ನಲ್ಲಿ 2 ಜಿಬಿ ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಜಾಗ) ಇರಲಿ. ಫೈರ್‌ಫಾಕ್ಸ್‌ಗೆ ಯೂಬ್ಲಾಕ್ ಆರಿಜಿನ್ ಹಾಕಿ, ಸುದ್ದಿ ತಾಣಗಳ ಜಾಹೀರಾತು ನಿಂತರೆ ಅರ್ಧ ಭಾರ ಇಳಿದಂತೆ. ಟ್ಯಾಬ್ ಮೂರಕ್ಕಿಂತ ಹೆಚ್ಚು ಬೇಡ.

ಯಾವಾಗ ಕೈಬಿಡಬೇಕು?

ರ‍್ಯಾಮ್ 1 ಜಿಬಿಯಲ್ಲೇ ನಿಂತು ಹೆಚ್ಚಿಸಲಾಗದು ಎಂದಿದ್ದರೆ, ಪರದೆಯ ಕೀಲು ಮುರಿದಿದ್ದರೆ, ಅಡಾಪ್ಟರ್, ಬ್ಯಾಟರಿ, ಡಿಸ್ಕ್ ಮೂರೂ ಹೊಸದು ಬೇಕಾದರೆ ಖರ್ಚು ಮಾಡಬೇಡಿ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ, ಕಚೇರಿಗಳಿಂದ ಹೊರಬಂದ 4ನೇ ಅಥವಾ 5ನೇ ತಲೆಮಾರಿನ ಐ5 ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ. ಹಳೆಯದರ ಡಿಸ್ಕ್ ಬಿಚ್ಚಿ ಒಂದು ಯುಎಸ್‌ಬಿ ಕೇಸ್‌ನಲ್ಲಿ ಹಾಕಿದರೆ ಫೋಟೊಗಳನ್ನೆಲ್ಲ ಹೊಸದಕ್ಕೆ ಸಾಗಿಸಬಹುದು. ಉಳಿದದ್ದನ್ನು ಗುಜರಿಗೆ ಹಾಕುವ ಮೊದಲು ರ‍್ಯಾಮ್ ಪಟ್ಟಿ ಎತ್ತಿಡಿ, ಡಿಡಿಆರ್2 ಹುಡುಕಿಕೊಂಡು ಬರುವವರು ಇನ್ನೂ ಇದ್ದಾರೆ.